ಹೆಂಗಸರ ಕಡೆಯ ಚಿಲಕ

ದೊಮ್ಮಲೂರಿನ ನಮ್ಮ ಆಫೀಸಿನಲ್ಲಿ ಹೆಂಗಸರ ಟಾಯ್ಲೆಟ್ಟಿನ ಚಿಲಕ ಕಿತ್ತುಹೋಗಿ, ಯುಗಾದಿ ಕಳೆದು ದಸರಾ ಬಂದಿತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಹೇಳಿದಾಗಲೆಲ್ಲ ಮ್ಯಾನೇಜರದು ಒಂದೇ ಮಾತು: “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ.” ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಕೂರುವಾಗ ಹೇಳುವ ಮಾತದು. ಮಾನದ ವಿಷಯಕ್ಕೂ ಅದನ್ನು ಹೇಳಬಹುದೆಂದು ಆ ಮನುಷ್ಯನಿಂದಲೇ ಕಲಿತೆ.

ನನ್ನ ಪಕ್ಕದ ಸೀಟಿನ ಹುಡುಗಿ ಶಿವಾಜಿನಗರದವಳು, ಹೊಸದಾಗಿ ಮದುವೆಯಾದವಳು. ಬಾಗಿಲು ಕಾಯಲು ದಿನಾ ಯಾರನ್ನು ಕರೆಯುವುದೆಂಬ ನಾಚಿಕೆಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಉರಿಮೂತ್ರ ಬಂತು, ಜ್ವರವೂ ಬಂತು.

“ಅಕ್ಕ, ಡಾಕ್ಟರು ನೀರು ಕುಡಿ ಅಂತಾರೆ, ನಮ್ಮತ್ತೆ ಕೆಲಸಾನೇ ಬಿಟ್ಬಿಡು ಅಂತಾರೆ. ಈ ವಾರ ನೋಡ್ತೀನಿ, ಆಮೇಲೆ ಬಿಟ್ಬಿಡ್ತೀನಿ,” ಎಂದಳು.

ಮನೆಯಲ್ಲಿ ಹಟ ಮಾಡಿ ಗಿಟ್ಟಿಸಿಕೊಂಡ ಕೆಲಸ. ಅದು ಒಂದು ಚಿಲಕಕ್ಕೆ ಹೋಗಬೇಕೇ?

ಅದೇ ವಾರ ನಮಗೆ ‘ಸಮಸ್ಯೆ ಪರಿಹಾರ’ದ ತರಬೇತಿ ಬೇರೆ. ಬಣ್ಣದ ಚೀಟಿ ಹಂಚಿ, ಆಫೀಸಿನ ಸಮಸ್ಯೆ ಬರೆದು ಗೋಡೆಗೆ ಅಂಟಿಸಿ ಎಂದರು. ನಾನು ‘ಚಿಲಕ’ ಎಂದು ಬರೆದೆ. ಮ್ಯಾನೇಜರ್ ಓದಿ, “ಸ್ವಲ್ಪ ದೊಡ್ಡದಾಗಿ ಯೋಚ್ನೆ ಮಾಡ್ರೀ,” ಎಂದು ನಕ್ಕರು. ಗಂಡಸರೆಲ್ಲ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೇ ದಿನ ಮರ್ಫಿ ಟೌನಿನ ನನ್ನ ಮನೆಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡೇ ಹೋದೆ. ಹೊಸ ಚಿಲಕವನ್ನೂ ನಾನೇ ಒಯ್ಯಬಹುದಿತ್ತು. ಯಾಕೆ ಒಯ್ಯಬೇಕು? ಯಾರೂ ಬರುವ ಮುಂಚೆ ಗಂಡಸರ ಟಾಯ್ಲೆಟ್ಟಿನ ಚಿಲಕ ಬಿಚ್ಚಿ ನಮ್ಮ ಬಾಗಿಲಿಗೆ ಹಾಕಿದೆ.

ಸ್ವಲ್ಪ ಹೊತ್ತಿಗೆಲ್ಲ ಮ್ಯಾನೇಜರ್ ಕೆಂಡಾಮಂಡಲವಾಗಿ ಬಂದರು. “ಯಾರ್ರೀ ಚಿಲಕ ಬಿಚ್ಚಿದ್ದು? ನಾನು ಒಳಗಿದೀನಿ, ಯಾವನೋ ಬಾಗಿಲು ತೆಗೆದೇಬಿಟ್ಟ!”

“ನಾನೇ ಸರ್. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

ಊಟದ ಹೊತ್ತಿಗೆ ಅವರ ಬಾಗಿಲಿಗೆ ಹೊಸ ಚಿಲಕ ಬಂತು. ಎಲ್ಲಿಂದ? ಎದುರುಗಡೆಯ ಹಾರ್ಡ್‌ವೇರ್ ಅಂಗಡಿಯಿಂದ! ಇಷ್ಟು ತಿಂಗಳೂ ಅದು ಅಲ್ಲೇ ಇತ್ತು. ಸಂಜೆ ಮೀಟಿಂಗಿನಲ್ಲಿ ಮ್ಯಾನೇಜರ್ ಎದೆಯುಬ್ಬಿಸಿ, “ಪ್ರಾಬ್ಲಂ ಬಂದ ದಿನಾನೇ ಸಾಲ್ವ್ ಮಾಡಿದ್ವಿ,” ಎಂದರು.

ಬಂದ ದಿನವೇ ಅಂತೆ! ಇಂಥವರಿಗೆ ಏನು ಹೇಳುವುದು? ಹೇಳಿಯೇ ಬಿಡೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಹುಡುಗಿ ಬಾಟಲಿಯೆತ್ತಿ ಗಟಗಟ ನೀರು ಕುಡಿದಳು. ಎಲ್ಲರೆದುರೇ ಎದ್ದು, ಯಾರನ್ನೂ ಕರೆಯದೆ ಒಬ್ಬಳೇ ಹೋದಳು. ಅವಳು ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ನಮಗೆಲ್ಲ ಕೇಳಿಸಿತು.