ಹೆಸರಿಟ್ಟು ಅಳುವ ಹಾಡು

ಊಟದ ಡಬ್ಬಿಯ ವಾಸನೆಗೆ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಭಯವಾಗುತ್ತದೆ. ನಗಬೇಡಿ. ಇವತ್ತು ಬೆಳಿಗ್ಗೆ ಸೊಸೆ ಚಿತ್ರಾನ್ನದ ಮೇಲೆ ಕೊಬ್ಬರಿ ಚಟ್ನಿಪುಡಿ ಉದುರಿಸಿದಾಗಲೂ ಹಾಗೇ ಆಯಿತು.

ಎಪ್ಪತ್ತರ ದಶಕದ ಕೊನೆಯಲ್ಲಿ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹತ್ತಿರದ ಸಭಾಂಗಣವೊಂದರಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಭಾಷಣಗಳು ನಡೆಯುತ್ತಿದ್ದವು. ಶಾಸನ, ಮೂಡಲಪಾಯದ ಬಯಲಾಟ, ಹಳೆಯ ಗುಡಿಗಳು, ಹೀಗೆ ನಮ್ಮ ಸೀಮೆಯದೇ ಏನಾದರೊಂದು ವಿಷಯ. ಮಂಡಿಯ ಗುಮಾಸ್ತರು, ಕಾಲೇಜಿನವರು, ಬಸ್ಸಿಗೆ ಕಾಯುವವರು ಯಾರು ಬೇಕಾದರೂ ಬಂದು ಡಬ್ಬಿ ಬಿಚ್ಚಿ ಉಣ್ಣುತ್ತಲೇ ಕೇಳಬಹುದಿತ್ತು. ಹೊಯ್ಸಳರ ಶಿಲ್ಪಕ್ಕಿಂತ ಪಕ್ಕದವರ ಉಪ್ಪಿನಕಾಯಿಯ ಮೇಲೇ ಗಮನ ಹೋಗುತ್ತಿದ್ದುದೂ ಉಂಟು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ನನಗೆ ಹೆಂಗಸರ ಹಾಡುಗಳ ಬಗ್ಗೆ ಮಾತಾಡಲು ಹೇಳಿದರು. ನನ್ನ ಗಂಟಲೋ ದೇವರಿಗೇ ಪ್ರೀತಿ. ಹಾಗಾಗಿ ಹಾಡಲು ನಮ್ಮ ಅತ್ತೆ ಗಂಗಮ್ಮನವರನ್ನು ನಮ್ಮೂರು ದಬ್ಬೇಘಟ್ಟದಿಂದ ಜೊತೆಗೆ ಕರೆದುಕೊಂಡು ಹೋದೆ.

ತೊಟ್ಟಿಲ ಹಾಡು, ಸೋಬಾನೆ ಎಲ್ಲ ಚೆನ್ನಾಗಿಯೇ ಆಯಿತು. ಕೊನೆಗೆ ನಾನು, ಸಾವಿನ ಮನೆಯಲ್ಲಿ ಸತ್ತವರನ್ನು ಹೆಸರಿಟ್ಟು ಕರೆದು ಅಳುವ ಹಾಡೂ ನಮ್ಮಲ್ಲಿದೆ, ಆದರೆ ಅದನ್ನು ಸುಮ್ಮಸುಮ್ಮನೆ ಹಾಡುವುದಿಲ್ಲ ಎಂದೆ. ಅಧ್ಯಕ್ಷರು ಬಿಡಲಿಲ್ಲ. ಟೇಪ್ ರೆಕಾರ್ಡರ್ ಓಡುತ್ತಿದೆ, ಎರಡೇ ಸಾಲು, ಮುಂದಿನವರಿಗೆ ಉಳಿಯಲಿ ಎಂದು ಅತ್ತೆಗೇ ಕೈ ಮುಗಿದರು.

"ಹೆಸರಿಕ್ಕದೆ ಅಳಬಾರ್ದು ಕಣ್ರೀ," ಎಂದರು ಅತ್ತೆ. "ಹೆಸರಿಲ್ದಿದ್ರೆ ಅದು ಮನೇಲಿರೋರ್ನ ಹುಡುಕ್ಕೊಂಡು ಬತ್ತದೆ."

ಯಾವುದಾದರೊಂದು ಹೆಸರು ಹಾಕಿ ತಾಯಿ ಎಂದು ಹಿಂದಿನಿಂದ ಯಾರೋ ಅಂದರು. ಕೆಲವರು ನಕ್ಕರು. ಅತ್ತೆ ನನ್ನನ್ನು ಒಮ್ಮೆ ನೋಡಿ, ಸೆರಗನ್ನು ತಲೆಯ ಮೇಲೆಳೆದುಕೊಂಡರು.

"ಎದ್ದು ಬಾರೇ ಗಂಗಮ್ಮ, ಹೊತ್ತೇರಿ ಬಂತಲ್ಲೇ, ಹಟ್ಟಿ ಬಾಗ್ಲು ತೆರೆದೈತೆ ಗಂಗಮ್ಮ..."

ಉಣ್ಣುತ್ತಿದ್ದವರ ಕೈ ನಿಂತಿತು. ಅವರು ತಮ್ಮನ್ನೇ ಕರೆದು ಅಳುತ್ತಿದ್ದಾರೆಂದು ಅಲ್ಲಿ ತಿಳಿದದ್ದು ನನಗೊಬ್ಬಳಿಗೇ.

ವಾಪಸಾಗುವಾಗ ಬಸ್ಸಿನಲ್ಲಿ ಕೇಳಿದೆ. "ನಿಮ್ಮ ಹೆಸರು ಯಾಕತ್ತೆ ಹಾಕಿದ್ರಿ?"

"ಮಗ ಕೊಬ್ರಿ ಲಾರೀಲಿ ದಿಲ್ಲಿಗೆ ಹೋಗವ್ನೆ. ನೀನು ಬಸುರಿ. ಇನ್ಯಾರ ಹೆಸರಿಕ್ಲೇ? ಬುಡು."

ಬಿಡುವುದು ಹೇಗೆ? ನನ್ನ ಗಂಡ ಕ್ಷೇಮವಾಗಿ ಹಿಂದಿರುಗಿದರು. ಗಂಡುಮಗು ಸುಖವಾಗಿ ಹುಟ್ಟಿತು. ಒಂದೊಂದು ಒಳ್ಳೆಯ ಸುದ್ದಿಗೂ ನನಗೆ ಅನ್ನಿಸುತ್ತಿತ್ತು: ಹಾಗಾದರೆ ಹಾಡು ಅತ್ತೆಯನ್ನೇ ಹಿಡಿದಿದೆ. ಮಕ್ಕಳಿಂದ ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸುತ್ತಿದ್ದ ಮೇಡಂ ನಾನು, ಅತ್ತೆ ಕೆಮ್ಮಿದರೆ ಓಡಿ ಬರುತ್ತಿದ್ದೆ. ಅವರು ಕೊಬ್ಬರಿಯಾಗಲು ಇಟ್ಟ ಕಾಯಿ ನೋಡಲು ಅಟ್ಟ ಹತ್ತಿದರೆ ಇಳಿಯುವವರೆಗೂ ಏಣಿ ಹಿಡಿದು ನಿಲ್ಲುತ್ತಿದ್ದೆ. ಮಧ್ಯಾಹ್ನದ ನಿದ್ದೆ ಸ್ವಲ್ಪ ಹೆಚ್ಚಾದರೂ ಭುಜ ಹಿಡಿದು ಎಬ್ಬಿಸುತ್ತಿದ್ದೆ.

"ಒಣಗೈತಾ ಅಂತ ಕೊಬ್ರಿ ಅಲುಗ್ಸಿ ನೋಡ್ದಂಗೆ ನನ್ನ ಅಲುಗುಸ್ತೀಯಲ್ಲೇ," ಎಂದು ರೇಗಿಸುತ್ತಿದ್ದರು.

ಹೀಗೆ ಎಷ್ಟೋ ವರ್ಷ ಅಲುಗಿಸಿದೆ. ಒಂದು ಮಧ್ಯಾಹ್ನ ಅವರು ಏಳಲಿಲ್ಲ. ಅಷ್ಟರಲ್ಲಿ ಆ ಹಾಡು ಬಲ್ಲ ಮುದುಕಿಯರೆಲ್ಲ ಹೋಗಿಬಿಟ್ಟಿದ್ದರು. ಗಂಟಲಿಲ್ಲದ ನಾನೇ ಅವರ ಕಾಲ ಬಳಿ ಕೂತು, ಅವತ್ತು ಕೇಳಿದ್ದ ಆ ಎರಡು ಸಾಲು ಹೇಳಿಕೊಂಡು ಅತ್ತುಬಿಟ್ಟೆ. ಹೆಸರು ಹುಡುಕುವ ಕೆಲಸವಿರಲಿಲ್ಲ.

ಈಗ ಮತ್ತೆ ಊಟದ ಹೊತ್ತಿನ ಭಾಷಣಗಳು ಶುರುವಾಗಿವೆ, ಇವತ್ತು ನನ್ನ ಸರದಿ. ಡಬ್ಬಿ ಅದಕ್ಕೇ. ಆ ಹಾಡು ಹಾಡಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆಂದು ಅಡುಗೆಮನೆಯಲ್ಲಿ ಮೆಲ್ಲಗೆ ಗುನುಗಿ ನೋಡಿದೆ. ಗಂಗಮ್ಮ ಎಂಬಲ್ಲಿ ನನ್ನ ಹೆಸರೂ ಆ ಸಾಲಿಗೆ ಸರಿಯಾಗಿ ಕೂರುತ್ತದೆ.

ಈ ಕಥೆ ಬಲ್ಲ ಸೊಸೆಯ ಕೈ ಡಬ್ಬಿ ಮುಚ್ಚುತ್ತಿದ್ದಂತೆಯೇ ನಿಂತಿತು. "ನಿಮ್ಮ ಹೆಸರು ಯಾಕತ್ತೆ ಹಾಕಿದ್ರಿ?"

ಬುಡು ಎಂದೆ. ನನ್ನ ಅಷ್ಟು ವರ್ಷಗಳ ಭಯ ಅವಳ ಮುಖದಲ್ಲಿತ್ತು. ಆಮೇಲೆ ಸಭಾಂಗಣದಲ್ಲಿ ಕೂತು ಡಬ್ಬಿ ಬಿಚ್ಚಿದೆ. ಈ ಸಲ ಭಯವಾಗಲಿಲ್ಲ. ಹಸಿವಾಗಿತ್ತು, ಒಂದು ಅಗುಳೂ ಉಳಿಸದೆ ಉಂಡೆ.