ಓಜೊಎಮೆನಾ ಆರಿಸಿದ ಎಂಟು ಸೆಲ್ಲುಗಳು

ನೈಜರ್ ಹೊಳೆಯ ದಡದ ಅಸಾಬಾದಲ್ಲಿ ಸಿನಿಮಾ ತೆಗೆಯುವವರಿಗೆ ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡಿ ಹಾಕುತ್ತಿದ್ದೇನೆ. ನನ್ನ ಕಣ್ಣೆದುರೇ ಹೀರೋಗಳು ಬಂದರು, ಹೊಟ್ಟೆ ಬೆಳೆದ ಮೇಲೆ ಅಪ್ಪನ ಪಾತ್ರಕ್ಕೆ ಇಳಿದರು. ಅವರ ಕಥೆ ಹೇಳುವವರಿಗೇನು ಬರವಿಲ್ಲ. ನಾನು ಹೇಳುವುದು ಕ್ಲ್ಯಾಪ್ ಬೋರ್ಡ್ ಹಿಡಿಯುತ್ತಿದ್ದ ಓಜೊಎಮೆನಾನ ಕಥೆ.

ಮೊದಮೊದಲು ಅವನ ಕೈಯಲ್ಲಿದ್ದದ್ದು ಸೀಮೆಸುಣ್ಣದಲ್ಲಿ ಬರೆಯುವ ಹಲಗೆ. ಆಮೇಲೆ ಕಂಪನಿಯವರು ಹೊರದೇಶದಿಂದ ಯಾರೋ ಬಳಸಿ ಬಿಟ್ಟ ಬೋರ್ಡೊಂದನ್ನು ತರಿಸಿದರು. ಅದರ ಎದೆಯ ಮೇಲೆ ಕೆಂಪು ಅಂಕಿಗಳು ಓಡುತ್ತವೆ: ಗಂಟೆ, ನಿಮಿಷ, ಸೆಕೆಂಡು, ಕೊನೆಗೆ ಒಂದು ಸೆಕೆಂಡನ್ನೂ ಇಪ್ಪತ್ತೈದು ಚೂರು ಮಾಡಿ ಎಣಿಸುವ ಅಂಕಿ. ಧ್ವನಿ ಹಿಡಿಯುವ ಪೆಟ್ಟಿಗೆಯಲ್ಲೂ ಇದೇ ಗಡಿಯಾರ. ಬೆಳಿಗ್ಗೆ ಎರಡಕ್ಕೂ ತಂತಿ ಸಿಕ್ಕಿಸಿ ಸಮ ಮಾಡಿಟ್ಟರೆ, ಎಡಿಟರ್ ಆಮೇಲೆ ಅಂಕಿ ನೋಡಿಕೊಂಡು ತುಟಿಗೂ ಮಾತಿಗೂ ಗಂಟು ಹಾಕುತ್ತಾನೆ. ನಡುವೆ ಸೆಲ್ ಸತ್ತು ಬೋರ್ಡ್ ಆರಿಹೋದರೆ ಹೊಸ ಸೆಲ್ ಹಾಕಿದರಷ್ಟೇ ಸಾಲದು. ಮತ್ತೆ ತಂತಿ ಹಾಕಿ ಸಮ ಮಾಡಬೇಕು. ಬೋರ್ಡೋ ಮಹಾ ಹೊಟ್ಟೆಬಾಕ. ಒಂದು ಸಲಕ್ಕೆ ಎಂಟು ಸೆಲ್ ನುಂಗುತ್ತಿತ್ತು.

ಸೆಲ್ ಆರಿಸುವುದರಲ್ಲಿ ಓಜೊಎಮೆನಾನನ್ನು ಮೀರಿಸುವವರು ನೈಜರ್ ಹೊಳೆಯ ಈಚೆ ದಡದಲ್ಲೂ ಇರಲಿಲ್ಲ, ಆಚೆ ದಡದಲ್ಲೂ ಇರಲಿಲ್ಲ. ಸೇತುವೆ ದಾಟಿ ಒನಿಚಾ ಮಾರ್ಕೆಟ್ಟಿಗೆ ಹೋಗುವಾಗ ಚೀಲದಲ್ಲಿ ನೆಲಕ್ಕೆ ಹಾಸುವ ಟೈಲ್‌ನ ತುಂಡೊಂದನ್ನು ಒಯ್ಯುತ್ತಿದ್ದ. ಅಂಗಡಿಯ ಮುಂದೆ ಅದನ್ನಿಟ್ಟು, ಗೇಣೆತ್ತರದಿಂದ ಸೆಲ್ಲನ್ನು ನೆಟ್ಟಗೆ ಬೀಳಿಸುವನು. ದಪ್ಪೆಂದು ಕೂತರೆ ಒಳಗೆ ಜೀವವಿದೆ. ಪುಟಿದರೆ ಸತ್ತದ್ದು, ಹಳೆಯದಕ್ಕೆ ಹೊಸ ಅಂಗಿ ತೊಡಿಸಿದ್ದು.

"ಏನಯ್ಯಾ, ನನ್ನ ಸಾಮಾನು ಒಡೆಯಕ್ಕೆ ಬಂದ್ಯಾ?" ಎಂದು ಅಂಗಡಿಯವನು ಕೂಗಾಡುತ್ತಿದ್ದ.

"ನಿನ್ ಸಾಮಾನು ಹುಟ್ಟುವಾಗ್ಲೇ ಸತ್ತಿದೆ ಕಣೋ. ನಾನು ಹೆಣ ನೋಡೋಕೆ ಬಂದಿದೀನಿ ಅಷ್ಟೆ."

ಇಂಥವನನ್ನು ಸೆಟ್ಟಿನಲ್ಲಿ ಎಲ್ಲರೂ ದೇದೆ ಎನ್ನುತ್ತಿದ್ದರು, ಅಂದರೆ ದೊಡ್ಡಣ್ಣ. ನಿರ್ದೇಶಕ ಟೊಬೆನ್ನಾ ಕೂಡ ಹಾಗೇ ಕರೆಯುತ್ತಿದ್ದ. ಓಜೊಎಮೆನಾನ ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯೆಂದರೆ ಒಂದು ಕೋಣೆ, ಬದುಕೆಂದರೆ ಆ ಬೋರ್ಡು.

ವಿಧವೆಯೊಬ್ಬಳ ಕಥೆಯ ಸಿನಿಮಾ ಶುರುವಾದಾಗ ಕಂಪನಿಗೆ ಹೊಸ ಮ್ಯಾನೇಜರ್ ಬಂದಳು. ಎಬೆಲೆ ಅಂತ, ಲೇಗೋಸಿನಲ್ಲಿ ಕೆಲಸ ಕಲಿತವಳು. ಮೊದಲ ದಿನವೇ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಗಳನ್ನು ಮೇಜಿನ ಮೇಲಿಟ್ಟಳು. ಒಂದನ್ನು ಕ್ಯಾಮೆರಾಕ್ಕೆ ಅಂಟಿಸಿ, ಇನ್ನೊಂದನ್ನು ಧ್ವನಿಪೆಟ್ಟಿಗೆಗೆ ಅಂಟಿಸಿದರಾಯಿತು, ತಮ್ಮ ಪಾಡಿಗೆ ತಾವೇ ಸಮವಾಗಿರುತ್ತವೆ. ಬೋರ್ಡೂ ಬೇಡ, ಅದನ್ನು ಹಿಡಿಯುವವನೂ ಬೇಡ.

"ಓಗಾ, ಇನ್ನೂ ಯಾಕೆ ಆ ಹಲಗೆ ಹೊತ್ಕೊಂಡು ತಿರುಗ್ತೀರಾ?" ಎಂದು ಟೊಬೆನ್ನಾನನ್ನು ಕೇಳಿದಳು. ಓಗಾ ಅಂದರೆ ಯಜಮಾನ.

ಟೊಬೆನ್ನಾ ತಟ್ಟೆಯಿಂದ ಮುಖ ಎತ್ತಲಿಲ್ಲ. "ಇದೊಂದು ಸಿನಿಮಾ ದೇದೆ ಮಾಡ್ಲಿ. ಎಡಿಟರ್ ಹತ್ರ ಎಲ್ಲಾ ಸರಿಯಾಗಿ ಕೂತ್ರೆ ದೇದೆ ಇರ್ತಾನೆ. ಕೂರದಿದ್ರೆ ನಿನ್ ಡಬ್ಬಿ."

ಓಜೊಎಮೆನಾ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ನನ್ನ ಹತ್ತಿರ ಬಂದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, "ನೋಡಿದ್ಯಾ, ಬೆಂಕಿಪೊಟ್ಟಣಕ್ಕೂ ನನಗೂ ಕುಸ್ತಿ," ಎಂದು ನಕ್ಕ. ಸಾರು ಹಾಗೇ ಆರಿತು.

ಎಬೆಲೆ ಇನ್ನೂ ಒಂದು ಬದಲಾವಣೆ ತಂದಳು: ಸೆಲ್ ಕೊಳ್ಳುವುದು ಬಂದ್, ಇನ್ನು ಮೇಲೆ ಚಾರ್ಜ್ ಮಾಡುವ ಸೆಲ್. ಅವಳು ಮಾತಿನಲ್ಲಿ ಒರಟು, ಆದರೆ ಕೆಟ್ಟವಳಲ್ಲ. ತಾನೇ ಕೂತು ಹೇಳಿಕೊಟ್ಟಳು. "ದೇದೆ, ಬೋರ್ಡಿಗೆ ಹಾಕೋ ಮುಂಚೆ ಪ್ರತಿಯೊಂದನ್ನೂ ಚಾರ್ಜರಿಗೆ ಇಟ್ಟು ನೋಡಿ. ಹಸಿರು ದೀಪ ಬಂದ್ರೆ ತುಂಬಿದೆ. ಕೆಂಪು ಬಂದ್ರೆ ಇಲ್ಲ."

"ಈ ಊರಲ್ಲಿ ಕರೆಂಟನ್ನೇ ನಂಬಲ್ಲ, ಅದರ ದೀಪ ನಂಬ್ಲಾ ಮಗಳೇ? ನನ್ ಕಿವಿ ಇದೆ."

"ಕಿವಿ ಕೆಲಸ ಇದಲ್ಲ ದೇದೆ, ಬಿಕೊ, ದಮ್ಮಯ್ಯ ಅಂತೀನಿ."

ಅವನು ಕೇಳಲಿಲ್ಲ. ವಿಧವೆ ಗಂಡನ ಹೆಣದ ಮುಂದೆ ಅಳುವ ದೃಶ್ಯದ ದಿನ ಬೆಳಿಗ್ಗೆ, ನನ್ನ ಒಲೆಯ ಪಕ್ಕದಲ್ಲೇ ಟೈಲ್ ಇಟ್ಟು ಹದಿನಾರು ಸೆಲ್ಲುಗಳನ್ನು ಒಂದೊಂದಾಗಿ ಬೀಳಿಸಿದ. ಹದಿನಾರೂ ದಪ್ಪೆಂದು ಕೂತವು. ಅವನ ಮುಖ ಅರಳಿತು. "ಎಲ್ಲಾ ಚಿನ್ನ!" ಎಂದು ಎಂಟನ್ನು ಬೋರ್ಡಿಗೆ ತುಂಬಿ, ಉಳಿದ ಎಂಟನ್ನು ಜೇಬಿಗೆ ಹಾಕಿಕೊಂಡ.

ಚಾರ್ಜ್ ಮಾಡುವ ಸೆಲ್ಲಿಗೆ ಆ ಪರೀಕ್ಷೆ ನಡೆಯುವುದಿಲ್ಲ. ತುಂಬಿದ್ದೂ ಅದೇ ಸದ್ದು ಮಾಡುತ್ತದೆ, ಬರಿದಾದದ್ದೂ ಅದೇ ಸದ್ದು. ಹಿಂದಿನ ದಿನ ಕರೆಂಟು ಹೋಗಿ ಬಂದು ಮಾಡಿತ್ತು. ಅರ್ಧಕ್ಕರ್ಧ ಸೆಲ್ ಅರೆಹೊಟ್ಟೆಯಲ್ಲಿದ್ದವು. ಹಳೆಯ ಸೆಲ್ ಸಾಯುವ ಮುಂಚೆ ಅಂಕಿಗಳು ಮಂಕಾಗಿ ಒಂದು ಗಂಟೆ ಮೊದಲೇ ಸುಳಿವು ಕೊಡುತ್ತಿದ್ದವು. ಇವು ಹಾಗಲ್ಲ. ಕೊನೆಯ ಗಳಿಗೆಯವರೆಗೂ ಫಳಫಳ ಹೊಳೆದು, ತಟಕ್ಕನೆ ಆರಿಬಿಡುತ್ತವೆ.

ಶೂಟಿಂಗ್ ನಡೆದದ್ದು ಒಬ್ಬರ ನಿಜವಾದ ಮನೆಯಲ್ಲಿ. ಸಾವಿನ ಅಳುವಿನ ದೃಶ್ಯಕ್ಕೆ ಟೊಬೆನ್ನಾ ಎಂದೂ ಕ್ಲ್ಯಾಪ್ ಹೊಡೆಸುತ್ತಿರಲಿಲ್ಲ. ಅಳುವವರ ಮುಖದ ಮುಂದೆ ಹಲಗೆ ಬಡಿಯುವುದು ಸಲ್ಲದು ಎಂದು ನಮ್ಮ ಸೆಟ್ಟುಗಳಲ್ಲಿ ಒಂದು ನಡಾವಳಿ. ಬೋರ್ಡನ್ನು ಸುಮ್ಮನೆ ತೋರಿಸಿ ತೆಗೆಯುವುದು, ಮಿಕ್ಕದ್ದನ್ನು ಅಂಕಿ ನೋಡಿಕೊಳ್ಳುತ್ತದೆ. ಕ್ಯಾಮೆರಾದ ಸ್ವಂತ ಮೈಕು ಕೆಟ್ಟು ತಿಂಗಳಾಗಿತ್ತು. ಅಂಕಿ ಇರುವಾಗ ಅದರ ಚಿಂತೆ ಯಾರಿಗೆ?

ನಟಿ ನ್ವಾಮಾಕಾಗೆ ಬೆಳಗಿನಿಂದ ಅಳು ಬಂದಿರಲಿಲ್ಲ. ಏಳು ಸಲ ತೆಗೆದರೂ ಒಣಕಲು. ಮಧ್ಯಾಹ್ನ ಊಟವಾದ ಮೇಲೆ, ಅದೇನು ನೆನಪಾಯಿತೋ ಪುಣ್ಯಾತ್ಗಿತ್ತಿಗೆ, ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡು ಇದ್ದಕ್ಕಿದ್ದಂತೆ ರೋದಿಸತೊಡಗಿದಳು. ನನ್ನ ಕೈಯ ಸೌಟು ನಿಂತಿತು.

"ರೋಲ್! ದೇದೆ, ಬೋರ್ಡು!" ಟೊಬೆನ್ನಾ ಪಿಸುಗುಟ್ಟಿದ.

ಓಜೊಎಮೆನಾ ಬೋರ್ಡ್ ಎತ್ತಿದ. ಕಪ್ಪು. ಒಂದು ಅಂಕಿಯೂ ಇಲ್ಲ.

ಧ್ವನಿ ಹಿಡಿಯುವ ತೆಗಾ ಹಿತ್ತಿಲ ಮಾವಿನ ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ. ಅಲ್ಲಿಗೆ ಓಡಿ, ತಂತಿ ಹಾಕಿ, ಸಮ ಮಾಡಿಕೊಂಡು ಬರುವಷ್ಟರಲ್ಲಿ ಆ ಅಳು ಇರುತ್ತಿತ್ತೇ? ಓಜೊಎಮೆನಾ ಜೇಬಿನ ಸೆಲ್ಲುಗಳನ್ನು ತುಂಬಿದ. ಸೊನ್ನೆಯಿಂದ ಹೊರಟ ಅಂಕಿಗಳನ್ನು ಗುಂಡಿ ಒತ್ತೊತ್ತಿ ತನ್ನ ಕೈಗಡಿಯಾರಕ್ಕೆ ಸರಿಯಾಗಿ ಕೂಡಿಸಿದ. ತೆಗಾನ ಪೆಟ್ಟಿಗೆಯಲ್ಲೂ ಓಡುತ್ತಿದ್ದದ್ದು ಹಗಲಿನ ಗಂಟೆಯೇ ತಾನೇ, ಎಲ್ಲಾ ಒಂದೇ ಸಮಯವಲ್ಲವೇ ಅಂದುಕೊಂಡ. ಬೋರ್ಡ್ ತೋರಿಸಿದ. ನ್ವಾಮಾಕಾ ಅತ್ತಳು, ಮನೆಯ ಯಜಮಾನಿಯೂ ಅತ್ತಳು, ನಾನೂ ಅತ್ತೆ.

ಆ ಮಧ್ಯಾಹ್ನ ಬೋರ್ಡ್ ಇನ್ನೂ ಮೂರು ಸಲ ಸತ್ತಿತು. ಪ್ರತಿ ಸಲವೂ ಅವನು ಎಲ್ಲರಿಗೂ ಬೆನ್ನು ಹಾಕಿ ಸೆಲ್ ಅದಲುಬದಲು ಮಾಡಿ, ಅಂದಾಜಿನಲ್ಲಿ ಗುಂಡಿ ಒತ್ತಿದ. ಮೂರನೆಯ ಸಲ ನಾನು ನೋಡಿಬಿಟ್ಟೆ.

"ತೆಗಾಗೆ ಹೇಳ್ಬಾರ್ದಾ?" ಎಂದೆ.

"ಹೇಳಿದ್ರೆ ಡಬ್ಬಿ ಬರುತ್ತೆ." ಮತ್ತೊಂದು ಸಲ ಗುಂಡಿ ಒತ್ತಿದ. "ಒಂದೆರಡು ಸೆಕೆಂಡು ಹೆಚ್ಚುಕಮ್ಮಿ ಆದ್ರೆ ಯಾರಿಗೆ ಗೊತ್ತಾಗುತ್ತೆ, ಸುಮ್ನಿರು."

ನಾನು ಸುಮ್ಮನಿದ್ದೆ. ನನ್ನ ಪಾಲಿನ ತಪ್ಪು ಅದು.

ಮರುದಿನ ವಿಧವೆಯ ತಲೆ ಬೋಳಿಸುವ ದೃಶ್ಯ. ನ್ವಾಮಾಕಾ ಗಟ್ಟಿಗಿತ್ತಿ, ತನ್ನ ನಿಜವಾದ ಕೂದಲನ್ನೇ ಕೊಟ್ಟಳು. ಕ್ಷೌರದ ಬ್ಲೇಡು ಆಡುತ್ತಿದ್ದರೆ ಬೋರ್ಡ್ ಸರಿಯಾಗಿಯೇ ಓಡಿತು.

ಎರಡು ವಾರದ ಮೇಲೆ ಎಡಿಟರನ ಫೋನ್ ಬಂತು. ಆ ಮಧ್ಯಾಹ್ನದ ಒಂದು ಶಾಟೂ ಕೂರುತ್ತಿಲ್ಲ. ಒಂದರಲ್ಲಿ ದನಿ ನಾಲ್ಕು ಸೆಕೆಂಡು ಮುಂದೆ, ಇನ್ನೊಂದರಲ್ಲಿ ಏಳು ಸೆಕೆಂಡು ಹಿಂದೆ. ತುಟಿ ನೋಡಿ ಕೂರಿಸೋಣವೆಂದರೆ ಮುಖದ ಮೇಲೆ ಬಟ್ಟೆ. ಕ್ಲ್ಯಾಪಿನ ಸದ್ದು ಹುಡುಕೋಣವೆಂದರೆ ಹೊಡೆದೇ ಇಲ್ಲ. ಕ್ಯಾಮೆರಾದ ದನಿಗೆ ಹೊಂದಿಸೋಣವೆಂದರೆ ಅದರ ಮೈಕೇ ಕೆಟ್ಟಿತ್ತು. ಅಳುವವಳ ಭುಜ ಕುಣಿದು ನಿಂತ ಮೇಲೆ ಅಳು ಕೇಳುತ್ತದಂತೆ, ನೋಡಿದವರು ನಕ್ಕರಂತೆ. ಮತ್ತೆ ತೆಗೆಯಲು ಹೊರಟರು. ಬೋಳುತಲೆಗೆ ಟೋಪನ್ ಇಟ್ಟರೆ ಹಕ್ಕಿಗೂಡು ಹೊತ್ತಂತೆ ಕಂಡಿತು. ಅಳುವಂತೂ ಬರಲೇ ಇಲ್ಲ.

ಎಬೆಲೆ ಅವನನ್ನು ಕರೆಸಿದಳು. "ದೇದೆ, ಅವತ್ತು ಸೆಲ್ ಹೋಗಿತ್ತಾ?"

"ಹೋಗಿತ್ತು."

"ಚಾರ್ಜರಲ್ಲಿ ನೋಡಿದ್ರಾ?"

"ಇಲ್ಲ."

"ನಾನು ಹೇಳಿದ್ನಲ್ಲಾ ದೇದೆ," ಎಂದಳು, ಅಷ್ಟೆ. ಬೈದಿದ್ದರೆ ವಾಸಿಯಿತ್ತು. ಟೊಬೆನ್ನಾ ಕಿಟಕಿಯ ಕಡೆ ತಿರುಗಿ ನಿಂತಿದ್ದ. ಸಂಜೆಯೊಳಗೆ ಕಪ್ಪು ಡಬ್ಬಿಗಳು ಕ್ಯಾಮೆರಾಕ್ಕೆ ಅಂಟಿಕೊಂಡವು.

ಅವನಿಗೆ ಹೋಗು ಎಂದು ಯಾರೂ ಹೇಳಲಿಲ್ಲ. ದೊಡ್ಡಣ್ಣನಿಗೆ ಹಾಗೆ ಹೇಳುವ ನಾಲಿಗೆ ಯಾರಿಗಿತ್ತು? ಅವನೂ ದಿನಾ ಆರು ಗಂಟೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಿದ್ದ. ಕುರ್ಚಿ ಸರಿಸುತ್ತಿದ್ದ, ತಂತಿ ಸುತ್ತಿ ಕೊಡುತ್ತಿದ್ದ, "ರೋಲ್" ಎಂದು ಕೇಳಿದಾಗ ಅರ್ಧ ಎದ್ದು ಮತ್ತೆ ಕೂರುತ್ತಿದ್ದ. ಹೀಗೆ ಒಂಬತ್ತು ದಿನ.

ಹತ್ತನೆಯ ದಿನ ಊಟದ ಪಟ್ಟಿ ಬಂತು. ಯಾರಿಗೆ ತಟ್ಟೆ ಎಂದು ದಿನಾ ಬೆಳಿಗ್ಗೆ ಕಂಪನಿಯಿಂದ ಬರುವ ಹೆಸರುಗಳು. ನನಗೆ ಓದಲು ಬರುವುದು ನಿಧಾನ. ಮೇಲಿನಿಂದ ಕೆಳಗೆ ಎರಡು ಸಲ ಬೆರಳಿಟ್ಟು ಓದಿದೆ. ಅವನ ಹೆಸರಿರಲಿಲ್ಲ.

ಸಾಲಿನಲ್ಲಿ ಅವನ ಸರದಿ ಬಂದಾಗ ನನ್ನ ತಟ್ಟೆಯನ್ನೇ ಮುಂದೆ ಮಾಡಿದೆ. ಅವನು ನನ್ನ ಮುಖ ನೋಡಿದ, ಮೇಜಿನ ಮೇಲಿದ್ದ ಪಟ್ಟಿ ನೋಡಿದ.

"ಇದು ಯಾರ ತಟ್ಟೆ?"

"ನಿಂದೇ. ತಿನ್ನು."

"ಸುಳ್ಳು ಹೇಳಕ್ಕೆ ನಿಂಗೆ ಬರಲ್ಲ ಬಿಡು." ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ತಿರುಗಿಸಿ ನನ್ನ ಕಡೆಗೇ ಇಟ್ಟ. ಹಿಂದೆ ನಿಂತಿದ್ದ ಲೈಟಿನ ಹುಡುಗನಿಗೆ ಜಾಗ ಬಿಟ್ಟುಕೊಟ್ಟ. "ಬಾರಪ್ಪಾ, ನೀನು ಬಾ, ನಿಂಗೆ ಕೆಲಸ ಇದೆ."

ಗೇಟಿನವರೆಗೆ ನಡೆದು ಹೋದ. ಒಳಗೆ ಶಾಟ್ ಶುರುವಾಗಿತ್ತು. ಯಾರೂ ಸದ್ದು ಮಾಡುವಂತಿರಲಿಲ್ಲ, ಹಾಗಾಗಿ ನಾನೂ ಕರೆಯಲಿಲ್ಲ.