ಸತ್ತಿಯ ಹೊಲದಲ್ಲಿ ಹೂತಿಟ್ಟ ಬಟ್ಟೆ

ದಾರಿಯಲ್ಲಿ ಸತ್ತಿ ಎಂಬ ಹಳ್ಳಿಯ ಹತ್ತಿರ ಚಹಾಕ್ಕೆ ಇಳಿದಾಗ, ಪಕ್ಕದ ಹೊಲದಲ್ಲಿ ಗಂಡಹೆಂಡತಿ ಕುಳಿತು ಮಣ್ಣು ಅಗೆಯುತ್ತಿದ್ದರು. ಏನೆಂದು ಕೇಳಿದೆ.

"ಎರಡ ತಿಂಗಳ ಹಿಂದ ಹತ್ತಿ ಬಟ್ಟಿ ಹುಗದಿದ್ವಿರಿ ಅಕ್ಕಾರ," ಎಂದ ಗಂಡ ಬಾಳಪ್ಪ. "ಮಣ್ಣಾಗ ಜೀವ ಇದ್ರ ಹುಳ ತಿಂದು ಚಿಂದಿ ಮಾಡತಾವು. ಚಿಂದಿ ಸಿಕ್ರ ಈ ಸಲಾನೂ ಬಿತ್ತತೀವಿ. ಇಲ್ಲಂದ್ರ ಮ್ಯಾಲಿನ ಮಣ್ಣ ಇಟ್ಟಂಗಿ ಭಟ್ಟಿಗಿ ಕೊಡೂದ."

ವರ್ಷಗಟ್ಟಲೆ ಕಬ್ಬಿಗೆ ಹರಿಸಿದ ನೀರು ನಿಂತು, ಬದುವಿನ ಮೇಲೆ ಉಪ್ಪು ಬೆಳ್ಳಗೆ ಕಟ್ಟಿತ್ತು.

ಹೆಂಡತಿ ಕಸ್ತೂರಿ ಬಟ್ಟೆಯನ್ನು ಎಳೆದು ಕೊಡವಿದಳು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿತ ನನ್ನ ಕಣ್ಣು ಮೊದಲು ಅಂಚಿಗೇ ಹೋಯಿತು. ಒಂದು ಎಳೆಯೂ ಬಿಚ್ಚಿರಲಿಲ್ಲ.

ಬದುವಿನ ಮೇಲೆ ಕುಳಿತಿದ್ದ ಅವಳ ಅತ್ತೆ ಹಿಗ್ಗಿದರು. "ನೋಡ ಬೇ ಕಸ್ತೂರಿ, ಎಷ್ಟ ಜ್ವಾಕಿ ಮಾಡೇತಿ ನಮ್ಮ ಭೂಮಿ!"

"ಹೌದ್ರಿ ಅತ್ತಿ, ನಿಮ್ಮ ಟ್ರಂಕಿನಂಗ," ಎಂದು ಕಸ್ತೂರಿ ನಗಲು ನೋಡಿದಳು. ನಗು ಬರಲಿಲ್ಲ.

ಬಾಳಪ್ಪ ಫೋನ್ ಹಿಡಿದು ದೂರ ಸರಿದ. "ಮಣ್ಣ ಒಯ್ಯಾಕ ನಾಳೆ ಟ್ರ್ಯಾಕ್ಟರ್ ಕಳಸ್ರಿ," ಎಂದದ್ದಷ್ಟೇ ನನಗೆ ಕೇಳಿಸಿತು.

ಕಸ್ತೂರಿಗೂ ಕೇಳಿಸಿರಬೇಕು. ಆದರೂ ಅವಳು ಅಗೆದ ಗುಂಡಿಗೆ ಮಣ್ಣು ತುಂಬಿ, ಹೆಂಟೆಗಳನ್ನು ಒಡೆದು, ಅಂಗೈಯಿಂದ ಮೆಲ್ಲಗೆ ಸಮ ಮಾಡುತ್ತ ಕುಳಿತಿದ್ದಳು.